‘ಊರಾಚೆ’ ಅನ್ನೋದು ಗಾಳಿಗೆ ಗೊತ್ತಿಲ್ಲ

“ಊರಾಚೆ ಐತಲ್ಲಣ್ಣ, ನಿಮಗೇನು ತೊಂದ್ರೆ?”

ಚಿಪ್ಪು ಸುಡೋ ಗುಂಡಿ ಬಗ್ಗೆ ಮಾತೆತ್ತಿದ ಕೂಡಲೇ ಬರೋ ಮೊದಲ ಉತ್ತರ ಇದು. ಗುಂಡಿ ಇಟ್ಟವರೂ ಇದನ್ನೇ ಹೇಳ್ತಾರೆ, ಪಂಚಾಯ್ತಿ ಮೆಂಬರೂ ಇದನ್ನೇ ಹೇಳ್ತಾರೆ, ಎಷ್ಟೋ ಸಲ ನಮ್ಮ ಅಕ್ಕಪಕ್ಕದ ರೈತರೂ ಇದನ್ನೇ ಹೇಳ್ತಾರೆ. ಊರಿಂದ ಇಷ್ಟು ಮೀಟರ್ ದೂರ ಅಂತ ಬರೆದುಕೊಟ್ಟರೆ ಮಾತು ಮುಗೀತು.

ನಾನು ಹೇಳೋದಿಷ್ಟೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ದೂರದ ಲೆಕ್ಕ ಒಂದೇ ಸಾಲದು. ಹೊಗೆ ಯಾರ ಮನೆಗೆ ಹೋಗುತ್ತೆ ಅಂತ ತೀರ್ಮಾನ ಮಾಡೋದು ನೆಲದ ಇಳಿಜಾರು, ವರ್ಷದ ಕಾಲ ಮತ್ತು ದಿನದ ಹೊತ್ತು. ಈ ಮೂರನ್ನೂ ನೋಡದೆ ಅನುಮತಿ ಕೊಡೋದು ಅಂದ್ರೆ ನೀರು ಹರಿಯೋ ದಿಕ್ಕು ನೋಡದೆ ಬದು ಹಾಕಿದ ಹಾಗೆ. ನಮ್ಮ ಪಂಚಾಯ್ತಿಗೆ ಈಗ ಇನ್ನೊಂದು ಘಟಕದ ಅರ್ಜಿ ಬಂದಿದೆ. ಜಾಗ ದಿಣ್ಣೆ ಮೇಲೆ, ಊರಾಚೆ. ಅದರ ಕೆಳಗೆ ಹಳ್ಳ, ಹಳ್ಳದ ಕೆಳಗೆ ಕೆರೆ, ಕೆರೆ ಏರಿ ಪಕ್ಕದಲ್ಲೇ ಊರು ಮತ್ತು ಶಾಲೆ. ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ಮೊದಲು ಗುಂಡಿಯ ಲೆಕ್ಕ ನೋಡೋಣ. ನೂರು ಕೆಜಿ ಒಣ ಚಿಪ್ಪು ಸುಟ್ಟರೆ ಸಿಗೋ ಇದ್ದಿಲು ಹೆಚ್ಚು ಕಮ್ಮಿ ಮೂವತ್ತು ಕೆಜಿ. ಉಳಿದ ಎಪ್ಪತ್ತು ಕೆಜಿ ಎಲ್ಲಿ ಹೋಯ್ತು? ಬಿಳಿ ಬೂದಿಯಾಗಿ ಉಳಿಯೋದು ಬಲು ಕಡಿಮೆ. ಮಿಕ್ಕಿದ್ದು ಪೂರ್ತಿ ಗಾಳಿಗೆ. ಅದರಲ್ಲಿ ನೀರಿನ ಆವಿ ಇದೆ ನಿಜ. ಜೊತೆಗೆ ಟಾರು, ಹುಳಿ ಆಮ್ಲ, ಕಾರ್ಬನ್ ಮಾನಾಕ್ಸೈಡ್, ಕಣ್ಣಿಗೆ ಕಾಣದ ಮಸಿ ಕಣ, ಎಲ್ಲಾ ಇದೆ. ಗುಂಡಿಗೆ ಮಣ್ಣು ತಗಡು ಮುಚ್ಚಿ ಉಸಿರು ಕಟ್ಟಿ ಸುಡೋದ್ರಿಂದಲೇ ಇದ್ದಿಲು ಆಗೋದು, ಹಾಗೆ ಅರೆಬರೆ ಸುಡೋದ್ರಿಂದಲೇ ಆ ಹೊಗೆ ಅಷ್ಟು ದಟ್ಟ, ಅಷ್ಟು ಘಾಟು. ಒಂದು ಲಾರಿ ಇದ್ದಿಲು ಊರು ಬಿಟ್ಟು ಹೋಯ್ತು ಅಂದ್ರೆ ಎರಡು ಲಾರಿಗಿಂತ ಹೆಚ್ಚು ತೂಕ ಊರ ಮೇಲಿನ ಗಾಳಿಗೆ ಸೇರಿದೆ ಅಂತ ಅರ್ಥ.

ಆ ಇದ್ದಿಲು ಎಲ್ಲಿಗೆ ಹೋಗುತ್ತೆ ಗೊತ್ತಲ್ಲ? ಆಕ್ಟಿವೇಟೆಡ್ ಕಾರ್ಬನ್ ಮಾಡೋ ಕಾರ್ಖಾನೆಗೆ. ಅಲ್ಲಿಂದ ನೀರಿನ ಫಿಲ್ಟರಿಗೆ, ಪಟ್ಟಣದ ಮನೆಗಳಲ್ಲಿ ಇಡೋ ಗಾಳಿ ಶುದ್ಧ ಮಾಡೋ ಯಂತ್ರಕ್ಕೆ, ವಿಷಾನಿಲ ತಡೆಯೋ ಮುಖವಾಡಕ್ಕೆ. ಯಾರದೋ ಮಲಗೋ ಕೋಣೆಯ ಗಾಳಿ ಶುದ್ಧವಾಗೋದಕ್ಕೆ ನಮ್ಮ ಕೆರೆ ಅಂಗಳದ ಗಾಳಿ ಕೆಡಬೇಕಾ? ಈ ಪ್ರಶ್ನೆ ಕೇಳಿದ್ರೆ ‘ಅಭಿವೃದ್ಧಿ ವಿರೋಧಿ’ ಅನ್ನೋರಿದ್ದಾರೆ. ಅನ್ನಲಿ.

ಈಗ ಗಾಳಿ ವಿಚಾರಕ್ಕೆ ಬರ್ತೀನಿ. ಇದು ಪುಸ್ತಕದ ಮಾತಲ್ಲ, ನಾವೆಲ್ಲ ದಿನಾ ನೋಡೋದೇ.

ಹಗಲು ಬಿಸಿಲಿಗೆ ನೆಲ ಕಾಯುತ್ತೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇರುತ್ತೆ, ಹೊಗೆಯನ್ನೂ ಎತ್ತಿಕೊಂಡು ಹೋಗಿ ಚೆದುರಿಸುತ್ತೆ. ಆದರೆ ದೀಪಾವಳಿ ಕಳೆದ ಮೇಲೆ, ಮೋಡ ಇಲ್ಲದ ರಾತ್ರಿಗಳಲ್ಲಿ, ನೆಲ ತನ್ನ ಬಿಸಿಯನ್ನ ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತೆ, ಮೇಲಿನ ಗಾಳಿ ಮಾತ್ರ ಬೆಚ್ಚಗೇ ಉಳಿಯುತ್ತೆ. ತಣ್ಣನೆ ಗಾಳಿ ಭಾರ, ಮೇಲೇಳಲ್ಲ. ಬೆಚ್ಚನೆ ಗಾಳಿ ಅದರ ಮೇಲೆ ತಟ್ಟೆ ಮುಚ್ಚಿದ ಹಾಗೆ ಕೂರುತ್ತೆ. ಹವಾಮಾನದವರು ಇದಕ್ಕೆ ಉಷ್ಣಾಂಶದ ವಿಲೋಮ ಅಂತಾರೆ. ಹೆಸರು ಏನಾದ್ರೂ ಇರ್ಲಿ, ಪುಷ್ಯ ಮಾಘದ ಬೆಳಗ್ಗೆ ಆರೂವರೆಗೆ ಹತ್ಯಾಳು ಬೆಟ್ಟದಂಥ ಯಾವುದಾದ್ರೂ ಎತ್ತರದ ಮೇಲೆ ನಿಂತು ಕೆಳಗೆ ನೋಡಿ. ತೆಂಗಿನ ಸುಳಿಗಳ ಮಟ್ಟದಲ್ಲಿ ಹೊಗೆ ಹಾಲಿನ ಕೆನೆ ಥರ ಚಪ್ಪಟೆಯಾಗಿ ಹರಡಿರೋದು ಕಾಣುತ್ತೆ. ಕೆಳಗೆ ಇರೋರಿಗೆ ಅದು ಮಂಜು. ಮೂಗಿಗೆ ಗೊತ್ತು ಅದರಲ್ಲಿ ಮಂಜೆಷ್ಟು, ಹೊಗೆ ಎಷ್ಟು ಅಂತ.

ಬೆಳಗಿನ ಹೊತ್ತು ಗಾಳಿ ಅಲುಗಾಡಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಾದ್ರೆ ಮಿಷನ್ ಬರೋಕೆ ಮುಂಚೆ ಕಣ ಮಾಡಿದ ಅಜ್ಜಂದಿರನ್ನ ಕೇಳಿ. ರಾಗಿ ತೂರೋಕೆ ಯಾರಾದ್ರೂ ನಸುಕಲ್ಲಿ ಮೊರ ಎತ್ತಿದ್ರಾ? ಬಿಸಿಲೇರಿ ಗಾಳಿ ಎದ್ದ ಮೇಲೇ ತೂರೋದು. ಗಾಳಿ ಬಂದಾಗ ತೂರಿಕೋ ಅನ್ನೋ ಗಾದೆ ನಮ್ಮದೇ ಅಲ್ವಾ. ರಾಗಿ ಹೊಟ್ಟನ್ನೇ ಹಾರಿಸೋಕಾಗದ ಗಾಳಿ ಗುಂಡಿ ಹೊಗೇನ ಎಲ್ಲಿಗೆ ಹಾರಿಸುತ್ತೆ?

ಇನ್ನು ಇಳಿಜಾರು. ರಾತ್ರಿ ಬೈಕಲ್ಲಿ ಊರಿಗೆ ಬರುವಾಗ ದಿಣ್ಣೆ ಇಳಿದು ಹಳ್ಳದ ಸೇತುವೆ ಹತ್ತಿರ ಬಂದ ಕೂಡಲೇ ಚಳಿ ಹೊಡೆಯುತ್ತಲ್ಲ? ಮತ್ತೆ ಏರು ಹತ್ತಿದ ತಕ್ಷಣ ಬೆಚ್ಚಗಾಗುತ್ತಲ್ಲ? ಅದೇ ವಿಷಯ. ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೇ ಇಳಿಜಾರು ಹಿಡಿದು ಹರಿಯುತ್ತೆ. ದಿಣ್ಣೆಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಕೆರೆ ಏರಿ ನೀರನ್ನ ತಡೆದು ನಿಲ್ಲಿಸಿದ ಹಾಗೇ ಈ ಗಾಳೀನೂ ಅಂಗಳದಲ್ಲಿ ನಿಲ್ಲಿಸುತ್ತೆ. ಅದರೊಳಗೆ ಹೊಗೆ ಇದ್ದರೆ ಹೊಗೆಯೂ ನಿಂತಿತು. ತುಂಬಿ ಏರಿ ಮೇಲೆ ಹರಿದರೆ ಕೆಳಗಿನ ತೋಟ, ಊರು.

ನಮ್ಮ ಸೀಮೆ ನೋಡೋಕೆ ಬಯಲು, ಆದರೆ ಪೂರ್ತಿ ಬಯಲಲ್ಲ. ದಿಣ್ಣೆ, ಹಳ್ಳ, ಕೆರೆ, ಮತ್ತೆ ದಿಣ್ಣೆ. ತಿಪಟೂರು ತುರುವೇಕೆರೆ ಕಡೆ ನೀರು ಶಿಂಷಾ ಸೇರಿ ಕಾವೇರಿಗೆ ಹೋದರೆ, ಚಿಕ್ಕನಾಯಕನಹಳ್ಳಿಯ ಬಡಗಲ ಭಾಗದ ನೀರು ಸುವರ್ಣಮುಖಿ ಹಿಡಿದು ಬೋರನಕಣಿವೆ ಕಡೆ ಹೋಗುತ್ತೆ. ಆ ಕಡೆ ಮದಲಿಂಗನ ಕಣಿವೆಯ ಗುಡ್ಡಸಾಲು ಬೇರೆ. ನಮ್ಮ ಹಿರೀಕರು ನೀರಿಗಾಗಿ ಊರು ಕಟ್ಟಿದ್ದು ಕೆರೆ ಪಕ್ಕದಲ್ಲಿ, ತೆಂಗು ಇಟ್ಟಿದ್ದು ಹಳ್ಳದ ಸಾಲಿನಲ್ಲಿ. ಅಂದ್ರೆ ಜನ ಇರೋದೂ, ತೋಟ ಇರೋದೂ ತಗ್ಗಿನಲ್ಲಿ. ತೋಟದೊಳಗೆ ಗರಿ ಗರಿ ಸೇರಿಕೊಂಡಿರೋ ಕಡೆ ಗಾಳಿ ಇನ್ನೂ ಮಂದ. ಹೊಗೆ ಒಳಗೆ ಬಂದ್ರೆ ಬೇಗ ಹೊರಗೆ ಹೋಗಲ್ಲ. ಅರ್ಧ ಕಿಲೋಮೀಟರ್ ದೂರದ, ಆದರೆ ತಗ್ಗಿನ ಕಡೆ ಇರೋ ಗುಂಡಿಗಿಂತ ಎರಡು ಕಿಲೋಮೀಟರ್ ದೂರದ ದಿಣ್ಣೆ ಮೇಲಿನ ಗುಂಡಿ ಒಂದೊಂದು ಬೆಳಗ್ಗೆ ಹೆಚ್ಚು ಕಾಡೋದು ಇದಕ್ಕೇ. ಮಳೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅಂತ ಪ್ರತಿ ರೈತನಿಗೂ ಗೊತ್ತು. ಮುಂಜಾವದ ಹೊಗೆಯ ನಕ್ಷೆ ಬೇಕಾ? ಆ ನೀರಿನ ನಕ್ಷೆಯನ್ನೇ ತೆಗೀರಿ.

ಕಾಲದ ಲೆಕ್ಕವೂ ಅಷ್ಟೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಲ ಗಾಳಿ. ಆಷಾಢದಲ್ಲಿ ಅದರ ರಭಸ ಹೇಳೋದೇ ಬೇಡ. ಹೊಗೆ ಮೂಡಲ ಕಡೆಗೆ ಓಡುತ್ತೆ, ಓಡ್ತಾ ಓಡ್ತಾ ತೆಳುವಾಗುತ್ತೆ, ಮಳೆ ಬಂದ್ರೆ ತೊಳೆದೂ ಹೋಗುತ್ತೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಹಗಲಲ್ಲಿ ಮೂಡಲ ಗಾಳಿ, ರಾತ್ರಿ ಗಾಳಿ ಸತ್ತ ಹಾಗೆ. ಮಳೆಗಾಲದಲ್ಲಿ ಯಾರಿಗೆ ‘ಊರಾಚೆ’ ಆಗಿತ್ತೋ ಚಳಿಗಾಲದಲ್ಲಿ ಅವರ ಬಾಗಿಲಿಗೇ ಹೊಗೆ. ಮಾರ್ಚ್‌ನಿಂದ ಮೇ ತನಕ ಬಿಸಿಲು ಜೋರು, ಮಧ್ಯಾಹ್ನ ಹೊಗೆ ಎತ್ತರಕ್ಕೆ ಹೋಗುತ್ತೆ, ಆದರೆ ಧೂಳು ಹೆಚ್ಚು. ಹೀಗೆ ಒಂದೇ ಗುಂಡಿ, ಒಂದೇ ಚಿಪ್ಪು, ಮೂರು ಕಾಲಕ್ಕೆ ಮೂರು ಫಲ.

ಇದರಲ್ಲಿ ಕೆಟ್ಟ ಸಂಗತಿ ಏನಪ್ಪಾ ಅಂದ್ರೆ, ಮಳೆಗಾಲದಲ್ಲಿ ಗುಂಡಿ ನೆನೆದು ಚಿಪ್ಪು ಹಸಿಯಾಗಿ ಸುಡೋ ಕೆಲಸ ಹಿಂದೆ ಬೀಳುತ್ತೆ. ಜೋರಾಗೋದು ಒಣ ಕಾಲದಲ್ಲಿ. ಗಾಳಿಗೆ ಹೊಗೆ ಹೊತ್ತೊಯ್ಯೋ ಶಕ್ತಿ ಕಡಿಮೆ ಇರೋ ತಿಂಗಳಲ್ಲೇ ನಾವು ಹೊಗೆ ಹೆಚ್ಚು ಹಾಕ್ತೀವಿ. ಅದರಲ್ಲೂ ಕಣ್ಣಿಗೆ ಬೀಳಬಾರದು ಅಂತ ರಾತ್ರಿ ಹಚ್ಚೋರಿದ್ದಾರೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಅದಕ್ಕಿಂತ ಕೆಟ್ಟ ಹೊತ್ತು ಹುಡುಕಿದ್ರೂ ಸಿಗಲ್ಲ.

‘ಎತ್ತರದ ಚಿಮಣಿ ಹಾಕಿಸಿದ್ದೀವಿ’ ಅನ್ನೋ ಮಾತೂ ಕೇಳಿದ್ದೀನಿ. ಚಿಮಣಿ ಮೇಲಿರೋ ಬೆಚ್ಚನೆ ಗಾಳಿಯ ಪದರ ದಾಟುವಷ್ಟು ಎತ್ತರ ಇಲ್ಲದಿದ್ರೆ ಹೊಗೆ ಅದರ ಕೆಳಗೇ ಹರಡಿಕೊಳ್ಳುತ್ತೆ. ಹತ್ತಿರದವರಿಗೆ ಸ್ವಲ್ಪ ಕಡಿಮೆ, ದೂರದವರಿಗೆ ಸ್ವಲ್ಪ ಹೆಚ್ಚು. ಹಂಚಿಕೊಂಡು ಕುಡಿಯೋದು ಅಷ್ಟೇ.

‘ಇದೇನು ಡೆಲ್ಲೀನಾ?’ ಅಂತ ನಗೋರೂ ಇದ್ದಾರೆ. ಡೆಲ್ಲಿಯಲ್ಲಿ ಆಗೋದಾದ್ರೂ ಏನು? ಚಳಿಗಾಲ, ನಿಂತ ಗಾಳಿ, ತಗ್ಗು ನಾಡು, ಅದರ ಮೇಲೆ ಹುಲ್ಲು ಸುಟ್ಟ ಹೊಗೆ, ವಾಹನ, ಕಾರ್ಖಾನೆ. ಅಳತೆ ದೊಡ್ಡದು, ಆಟ ಅದೇ. 1952ರ ಡಿಸೆಂಬರ್ 5ರಿಂದ 9ರ ತನಕ ಲಂಡನ್ ಪಟ್ಟಣದಲ್ಲಿ ಇದೇ ಮುಚ್ಚಳ ಐದು ದಿನ ತೆಗೆದುಕೊಳ್ಳಲಿಲ್ಲ, ಕಲ್ಲಿದ್ದಲ ಹೊಗೆಯಲ್ಲಿ ಸಾವಿರಾರು ಜನ ಸತ್ತರು. ನಮ್ಮಲ್ಲಿ ಬಿಸಿಲು ಬಂದು ಒಂಬತ್ತು ಹತ್ತು ಗಂಟೆಗೆ ಮುಚ್ಚಳ ತೆಗೆಯುತ್ತೆ, ಅದು ನಮ್ಮ ಪುಣ್ಯ. ಆದರೆ ಮಕ್ಕಳು ಶಾಲೆಗೆ ನಡೆಯೋದು, ಹಾಲು ಡೇರಿಗೆ ಹೋಗೋದು, ಅಜ್ಜಿ ಹಟ್ಟಿ ಬಾಗಿಲು ಗುಡಿಸೋದು ಎಲ್ಲಾ ಹತ್ತು ಗಂಟೆ ಒಳಗೇ ತಾನೇ?

ಫೋನಲ್ಲಿ ಬರೋ ಗಾಳಿ ಗುಣಮಟ್ಟದ ನಂಬರ್ ತೋರಿಸಿ ‘ನೋಡಿ, ಹಸಿರು ಐತೆ’ ಅಂತ ವಾದ ಮಾಡೋರಿಗೆ ಒಂದು ಮಾತು. ಹತ್ತಿರದಲ್ಲಿ ಅಳೆಯೋ ಯಂತ್ರ ಇಲ್ಲದ ಕಡೆ ಆ್ಯಪುಗಳು ಉಪಗ್ರಹ, ದೂರದ ಕೇಂದ್ರಗಳ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸ್ತವೆ. ನಿಮ್ಮ ಕೆರೆ ಅಂಗಳದ ಹೊಗೆ ಆ ಲೆಕ್ಕಕ್ಕೆ ಸಿಗಲ್ಲ. ಇನ್ನೊಂದು, ನಮ್ಮ ದೇಶದ ಮಿತಿಯೇ ದಿನದ ಸರಾಸರಿ. 2009ರ ನಿಯಮದಂತೆ 2.5 ಮೈಕ್ರಾನ್‌ಗಿಂತ ಸಣ್ಣ ಕಣ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಹೇಳಿದ ಮಿತಿ ಬರೀ 15. ಬೆಳಗಿನ ಮೂರು ಗಂಟೆ ಉಸಿರು ಕಟ್ಟಿ, ಮಧ್ಯಾಹ್ನ ಗಾಳಿ ತಿಳಿಯಾದ್ರೆ ಸರಾಸರಿ ಸುಂದರವಾಗೇ ಬರುತ್ತೆ. ಉಸಿರಾಡೋರು ಸರಾಸರಿ ಉಸಿರಾಡಲ್ಲ, ಆ ಹೊತ್ತಿನ ಗಾಳಿ ಉಸಿರಾಡ್ತಾರೆ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಾಲ್ಕೇ. ನಮ್ಮಂಥ ಸಣ್ಣ ಪಟ್ಟಣ, ಅದರ ಸುತ್ತಿನ ಹಳ್ಳಿ ಯಾರ ಪಟ್ಟಿಯಲ್ಲೂ ಇಲ್ಲ. ನಮ್ಮ ಗಾಳಿ ನಾವೇ ನೋಡಿಕೊಳ್ಳಬೇಕು.

ಕಾಲ ನೋಡದೆ ತಪಾಸಣೆ ಮಾಡಿದ್ರೆ ಏನಾಗುತ್ತೆ ಅಂತ ಚಿಕ್ಕನಾಯಕನಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಿರು ಲಾರಿ ಓಡ್ತಿದ್ದ ಕಾಲದಲ್ಲಿ ಬೇಸಿಗೆಯಲ್ಲಿ ರಸ್ತೆ ಬದಿ ತೆಂಗಿನ ಗರಿ ಕೆಂಪು, ಮಳೆಗಾಲದಲ್ಲಿ ಹಸಿರು. ಜುಲೈನಲ್ಲಿ ಬಂದು ನೋಡಿದವರಿಗೆ ಧೂಳೆಲ್ಲಿ ಕಾಣಬೇಕು? ಕೊನೆಗೆ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜೊತೆಗೆ ತುಮಕೂರು, ಚಿತ್ರದುರ್ಗ ಜಿಲ್ಲೆಯ ಗಣಿಗಾರಿಕೆಯನ್ನೂ ನಿಲ್ಲಿಸಿದಾಗಲೇ ಗರಿಗಳು ವರ್ಷಪೂರ್ತಿ ಹಸಿರು ಕಂಡಿದ್ದು. ಇದ್ದಿಲು ಘಟಕಕ್ಕೂ ಅದೇ ಗತಿ ಆಗಬಾರದು. ತಪಾಸಣೆ ಮಾಡೋದಾದ್ರೆ ಜನವರಿಯಲ್ಲಿ, ಬೆಳಗ್ಗೆ ಆರು ಗಂಟೆಗೆ ಬರಲಿ. ಮಧ್ಯಾಹ್ನ ಊಟ ಮುಗಿಸಿ ಬಂದು ‘ಹೊಗೆ ಕಾಣಲಿಲ್ಲ’ ಅಂತ ಬರೆದುಕೊಂಡು ಹೋದ್ರೆ ಆ ಕಾಗದಕ್ಕೆ ಬೆಲೆ ಇಲ್ಲ.

ಈಗ ಎದುರು ವಾದದಲ್ಲಿ ಗಟ್ಟಿ ಇರೋದಕ್ಕೆ ಬರ್ತೀನಿ. ಚಿಪ್ಪಿಗೆ ರೇಟು ಸಿಗ್ತಿರೋದೇ ಇವರಿಂದ. ನಿಜ. ಹತ್ತು ತಿಂಗಳು ಅಟ್ಟದ ಮೇಲೆ ಕಾಯಿ ಇಟ್ಟು ಉಂಡೆ ಕೊಬ್ಬರಿ ಮಾಡಿ ಮಾರುಕಟ್ಟೆಗೆ ಒಯ್ಯೋ ನಮಗೆ ಚಿಪ್ಪಿನ ಕಾಸು ಸಣ್ಣದಲ್ಲ. ಸುಲಿಯೋರ ಕೂಲಿ, ಒಡೆಯೋರ ಕೂಲಿ ಅದರಲ್ಲೇ ತೂಗಿಸೋರಿದ್ದಾರೆ. ಗುಂಡಿಯಲ್ಲಿ ದುಡಿಯೋರೂ ನಮ್ಮವರೇ, ಎಲ್ಲರಿಗಿಂತ ಹತ್ತಿರದಿಂದ ಆ ಹೊಗೆ ಕುಡಿಯೋರೂ ಅವರೇ. ಹಾಗಾಗಿ ‘ಎಲ್ಲಾ ಮುಚ್ಚಿಸಿ’ ಅಂತ ನಾನು ಹೇಳ್ತಿಲ್ಲ. ಬಾಯ್ತೆರೆದ ಗುಂಡಿ ಬೇಡ ಅಂತೀನಿ. ಮುಚ್ಚಿದ ಕುಲುಮೆಯಲ್ಲಿ ಚಿಪ್ಪು ಕಾಯಿಸಿ, ಅದರಿಂದ ಬರೋ ಹೊಗೇನ ಅಲ್ಲೇ ಇನ್ನೊಂದು ಕೋಣೆಗೆ ಹಾಯಿಸಿ ಪೂರ್ತಿ ಉರಿಸಿಬಿಡೋ ವಿಧಾನ ಇದೆ. ಆ ಹೊಗೆ ತಾನೇ ಒಂದು ಇಂಧನ, ಅದರ ಶಾಖದಲ್ಲೇ ಮುಂದಿನ ಚಿಪ್ಪು ಕಾಯುತ್ತೆ. ಗುಂಡಿಯಲ್ಲಿ ಗಾಳಿ ನುಗ್ಗಿ ಬೂದಿಯಾಗಿ ಹೋಗೋ ಇದ್ದಿಲೂ ಅಲ್ಲಿ ಉಳಿಯುತ್ತೆ. ಬಂಡವಾಳ ಹೆಚ್ಚು ಬೇಕು, ಸರಿ. ಆದರೆ ಆ ಬಂಡವಾಳ ಹಾಕದೆ ಉಳಿಸಿದ ದುಡ್ಡು ಯಾರ ಎದೆಯಿಂದ ಬರ್ತಿದೆ ಅಂತ ಕೇಳೋ ಹಕ್ಕು ನಮಗಿದೆ. ಅಗ್ಗದ ಗುಂಡಿ ಅಗ್ಗ ಆಗಿರೋದು ಅದರ ಖರ್ಚನ್ನ ಕೆಳಗಿನ ಊರು ಕಟ್ಟುತ್ತಿರೋದ್ರಿಂದ.

ಇಷ್ಟು ಹೇಳಿ ನಮ್ಮ ರೈತರ ಪಾಲು ಮುಚ್ಚಿಟ್ಟರೆ ಅದು ನ್ಯಾಯ ಆಗಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ತೋಟ ಚೊಕ್ಕಟ ಮಾಡಿ ಗರಿ, ಎಡೆಮಟ್ಟೆ, ಕುರುಂಬಾಳೆ ಗುಡ್ಡೆ ಹಾಕಿ ಸಂಜೆ ಹೊತ್ತು ಬೆಂಕಿ ಇಡೋ ಅಭ್ಯಾಸ ಪ್ರತಿ ಊರಲ್ಲೂ ಇದೆ. ಸಂಜೆ ಇಟ್ಟ ಬೆಂಕಿ ರಾತ್ರಿಯೆಲ್ಲ ಹೊಗೆಯಾಡುತ್ತೆ, ಅದೂ ಮುಚ್ಚಳದ ಕೆಳಗೆ. ‘ಕುರುವಾಯಿ ದುಂಬಿ ಸಾಯಲಿ ಅಂತ ಸುಡ್ತೀವಿ’ ಅಂತಾರೆ. ದುಂಬಿ ಮರಿ ಮಾಡೋದು ಮುಖ್ಯವಾಗಿ ತಿಪ್ಪೆಯಲ್ಲಿ, ಕೊಳೆತ ಬೊಡ್ಡೆಯಲ್ಲಿ. ತಿಪ್ಪೆಗೆ ಮೆಟಾರೈಜಿಯಂ ಶಿಲೀಂಧ್ರ ಬಿಟ್ಟರೆ ಹುಳ ಅಲ್ಲೇ ಸಾಯುತ್ತೆ, ಒಣಗರಿ ಸುಟ್ಟರೆ ಸಾಯೋದು ನಮ್ಮ ಮಣ್ಣಿನ ಸತ್ವ. ಮಟ್ಟೆ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಹಿಡಿಯುತ್ತೆ. ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಪಾತಿಯೊಳಗೆ ಹೂತ ಮಟ್ಟೆ ಮರ ಉಳಿಸುತ್ತೆ, ಬೂದಿ ಉಳಿಸಲ್ಲ. ಅಣಬೆ ರೋಗದಿಂದ ಸತ್ತ ಮರದ ಬೊಡ್ಡೆ ಬೇರು ಸುಡಲೇಬೇಕು ಅನ್ನೋದು ಸರಿ. ಅದನ್ನ ಬೆಳಗ್ಗೆ ಹನ್ನೊಂದರ ಮೇಲೆ ಹಚ್ಚಿ ಬಿಸಿಲು ಇಳಿಯೋದರೊಳಗೆ ಮುಗಿಸೋಣ.

ದೂರು ಕೊಡೋರಿಗೆ ಒಂದು ಎಚ್ಚರಿಕೆ. ತೆಂಗಿನ ಗರಿ ಮೇಲೆ ಕಪ್ಪು ಕಂಡ ಕೂಡಲೇ ‘ಗುಂಡಿ ಮಸಿ’ ಅಂತ ಫೋಟೋ ಹಾಕಬೇಡಿ. 2016ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಸುರುಳಿ ಬಿಳಿ ನೊಣ ಅಂಟು ಸುರಿಸುತ್ತೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ. ಗರಿ ಮಗುಚಿ ನೋಡಿ. ಅಡಿಯಲ್ಲಿ ಬಿಳಿ ಸುರುಳಿ, ಮೇಣದಂಥ ಪುಡಿ ಇದ್ದು ಕಪ್ಪು ಅಂಟಂಟಾಗಿದ್ರೆ ಅದು ನೊಣದ ಕೆಲಸ. ಅಡಿ ಚೊಕ್ಕಟವಾಗಿದ್ದು, ಉಜ್ಜಿದ್ರೆ ಕಪ್ಪು ಬೆರಳಿಗೆ ಬಂದು ಹೊಗೆ ವಾಸನೆ ಹೊಡೆದ್ರೆ ಅದು ಮಸಿ. ಇದನ್ನ ಬೇರೆ ಮಾಡದೆ ಹೋದ್ರೆ ಮೊದಲ ತಪಾಸಣೆಯಲ್ಲೇ ನಮ್ಮ ದೂರು ಬಿದ್ದುಹೋಗುತ್ತೆ, ಆಮೇಲೆ ನಿಜ ಹೇಳಿದ್ರೂ ಕೇಳೋರಿರಲ್ಲ.

ಅದಕ್ಕೇ ಈ ಚಳಿಗಾಲ ಪ್ರತಿ ಊರಲ್ಲಿ ಇಬ್ಬರು ಮೂವರು ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಮೋಡ ಇತ್ತೋ ಇಲ್ಲವೋ, ಹೊಗೆ ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಬಿಟ್ಟಿತು. ಮುಂಜಾನೆ ದಿಣ್ಣೆ, ಹಳ್ಳ, ಏರಿ ಮೂರು ಕಡೆ ಒಂದೊಂದು ಊದುಬತ್ತಿ ಹಚ್ಚಿ ಹೊಗೆ ವಾಲೋ ದಿಕ್ಕು ಬರೀರಿ. ಒಂದೇ ಜಾಗದಲ್ಲಿ ನಿಂತು ಆರೂವರೆಗೆ ಒಂದು, ಹನ್ನೊಂದಕ್ಕೆ ಒಂದು ಫೋಟೋ ತೆಗೀರಿ. ಇಪ್ಪತ್ತು ದಿನದ ಇಂಥ ಬರಹ ಇದ್ರೆ ಯಾವ ಸಾಹೇಬರೂ ‘ಊರಾಚೆ ಐತಲ್ಲ’ ಅಂತ ತಳ್ಳಿ ಹಾಕೋಕಾಗಲ್ಲ.

ಮುಂದಿನ ಗ್ರಾಮಸಭೆಯಲ್ಲಿ ನಾನು ಇಡೋ ಬೇಡಿಕೆ ಇವು. ಒಪ್ಪಿಗೆ ಇದ್ರೆ ನಿಮ್ಮ ಊರಲ್ಲೂ ಇಡಿ.

ಒಂದು, ದೂರ ಮಾತ್ರ ನೋಡಿ ಯಾವ ಘಟಕಕ್ಕೂ ಪಂಚಾಯ್ತಿ ಒಪ್ಪಿಗೆ ಕೊಡಬಾರದು. ಜಾಗದ ಇಳಿಜಾರು, ಕೆಳಗಿನ ಹಳ್ಳ, ಕೆರೆ, ಶಾಲೆ, ಎರಡೂ ಕಾಲದ ಗಾಳಿ ದಿಕ್ಕು ನಿರ್ಣಯದಲ್ಲಿ ಬರೆದಿರಬೇಕು.

ಎರಡು, 1981ರ ವಾಯು ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಎಲ್ಲರಿಗೂ ಕಾಣೋ ಹಾಗೆ ಘಟಕದ ಗೇಟಿನಲ್ಲೂ ಪಂಚಾಯ್ತಿ ಬೋರ್ಡಿನಲ್ಲೂ ಅಂಟಿಸಬೇಕು. ಇಲ್ಲದ ಘಟಕ ನಡೆಯಬಾರದು.

ಮೂರು, ಹೊಗೆ ಉರಿಸೋ ವ್ಯವಸ್ಥೆ ಇಲ್ಲದ ತೆರೆದ ಗುಂಡಿಗೆ ಹೊಸದಾಗಿ ಅನುಮತಿ ಬೇಡ. ಈಗಿರೋ ಗುಂಡಿಗಳಿಗೆ ಬದಲಾಗೋಕೆ ಒಂದು ಗಡುವು ಕೊಡಿ. ಅಲ್ಲಿ ತನಕ ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ರಾತ್ರಿ ಸುಡೋದು ಪೂರ್ತಿ ಬಂದ್.

ನಾಲ್ಕು, ಚಳಿಗಾಲದಲ್ಲಿ ಒಂದು ಸಲವಾದ್ರೂ ಬೆಳಗ್ಗೆ ಆರರಿಂದ ಒಂಬತ್ತರೊಳಗೆ ತಪಾಸಣೆ, ಊರವರ ಎದುರಲ್ಲಿ.

ಐದು, ಗರಿ ಮಟ್ಟೆ ಪುಡಿ ಮಾಡೋ ಯಂತ್ರ ಹೋಬಳಿ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗಬೇಕು. ಸಿಕ್ಕ ಮೇಲೂ ಸಂಜೆ ಬೆಂಕಿ ಇಡೋರಿಗೆ ಪಂಚಾಯ್ತಿ ನೋಟಿಸ್ ಕೊಡಲಿ, ಅದು ನನಗಾದ್ರೂ ಸರಿ.

ಕಲ್ಪತರು ನಾಡು ಅಂತ ಹೆಸರಿಟ್ಟುಕೊಂಡಿದ್ದೀವಿ. ಕಾಯಿ, ಕೊಬ್ಬರಿ, ಚಿಪ್ಪು, ನಾರು, ಗರಿ, ಮರದ ಒಂದು ಚೂರೂ ವ್ಯರ್ಥ ಆಗಲ್ಲ ಅಂತ ಹೆಮ್ಮೆ ಪಡ್ತೀವಿ. ಹಾಗಾದ್ರೆ ಚಿಪ್ಪಿನ ನೂರರಲ್ಲಿ ಎಪ್ಪತ್ತು ಪಾಲನ್ನ ಕೆಳಗಿನ ಊರಿನ ಮಕ್ಕಳ ಎದೆಗೆ ಬಿಡೋದು ಯಾವ ಲೆಕ್ಕ? ಗ್ರಾಮಸಭೆಗೆ ಬನ್ನಿ, ದಿಣ್ಣೆ ಮೇಲಿನವರೂ ಬನ್ನಿ, ತಗ್ಗಿನವರೂ ಬನ್ನಿ. ಮೆಂಬರು ‘ಊರಾಚೆ ಐತೆ’ ಅಂದಾಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ?